ವೇಗವೆಷ್ಟು, ವಿದ್ಯುತ್ತೆಷ್ಟು? ಕಂಪ್ಯೂಟರ್ ಪ್ರೊಸೆಸರ್‌ಗಳನ್ನು ತೂಗಿ ನೋಡುವ ಬಗೆ

(ಸಂಘದ ವಾರ್ಷಿಕ ಸಮಾವೇಶದ ಶೈಕ್ಷಣಿಕ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಉರ್ದು ಮತ್ತು ಕನ್ನಡ ಪಾಠ ಹೇಳುವವರಿಗೆ ಪ್ರೊಸೆಸರ್ ಬಗ್ಗೆ ಮಾತನಾಡುವ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರಣ ಸರಳವಾಗಿದೆ. ಶಾಲೆಯ ಕಂಪ್ಯೂಟರ್ ಕೊಠಡಿಯ ಬೀಗದ ಕೈ ನನ್ನ ಬಳಿ ಇರುತ್ತದೆ. ಉರ್ದು ಪ್ರಶ್ನೆಪತ್ರಿಕೆಯನ್ನು ಇನ್‌ಪೇಜ್‌ನಲ್ಲಿ, ಕನ್ನಡ ಪ್ರಶ್ನೆಪತ್ರಿಕೆಯನ್ನು ನುಡಿಯಲ್ಲಿ ಸಿದ್ಧಪಡಿಸುವ ಕೆಲಸವೂ ನನ್ನದೇ. ಕರೆಂಟು ಹೋದಾಗ ಯುಪಿಎಸ್ ಕೂಗಿಕೊಳ್ಳುವುದನ್ನು ಮೊದಲು ಕೇಳುವುದೂ ನನ್ನ ಕಿವಿಯೇ.

ಈ ವರ್ಷ ಪ್ರೌಢಶಾಲೆಗೆ 20 ಕಂಪ್ಯೂಟರ್‌ಗಳ ಪ್ರಯೋಗಾಲಯ ಮಾಡಿಕೊಡಬೇಕೆಂದು ಸಂಘವು ನಿರ್ಣಯಿಸಿರುವುದು ತಮಗೆಲ್ಲ ತಿಳಿದಿದೆ. ಅದಕ್ಕಾಗಿ ಮೂರು ಕೊಟೇಶನ್‌ಗಳು ಬಂದಿವೆ. ಒಂದರಲ್ಲಿ ಗಿಗಾಹರ್ಟ್ಸ್ ಎಷ್ಟೆಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಎರಡನೆಯದರಲ್ಲಿ ಕೋರ್‌ಗಳ ಸಂಖ್ಯೆಗೆ ಮಹತ್ವ. ಮೂರನೆಯದು ಹಳೆಯ, ಬಳಸಿದ ಯಂತ್ರಗಳದ್ದು. ಅದರಲ್ಲಿ ಬೆಲೆಯೇ ಆಕರ್ಷಣೆ. ಆದರೆ ಈ ಯಂತ್ರಗಳು ಎಷ್ಟು ವಿದ್ಯುತ್ ಬಳಸುತ್ತವೆ ಎಂಬ ಒಂದು ಸಾಲು ಮಾತ್ರ ಮೂರರಲ್ಲಿ ಯಾವುದರಲ್ಲೂ ಇಲ್ಲ. ಹಣ ನಿಮ್ಮ ದೇಣಿಗೆಯದು, ಬಿಲ್ಲು ಪ್ರತಿ ತಿಂಗಳು ಶಾಲೆಯದು, ಕರೆಂಟು ಹೋದರೆ ನಷ್ಟವಾಗುವ ಪೀರಿಯಡ್ ಮಕ್ಕಳದು. ಆದ್ದರಿಂದ ಈ ವಿಷಯವನ್ನು ತಿಳಿದು ತೀರ್ಮಾನಿಸುವುದು ಒಳ್ಳೆಯದೆಂದು ನಾಲ್ಕು ಮಾತುಗಳನ್ನು ಹೇಳಲು ನಿಂತಿದ್ದೇನೆ.

ಗಿಗಾಹರ್ಟ್ಸ್ ಎಂದರೆ ವೇಗವೇ?

ಪ್ರೊಸೆಸರ್ ಎಂಬುದು ಕಂಪ್ಯೂಟರಿನ ಲೆಕ್ಕ ಮಾಡುವ ಭಾಗ. ಅದರೊಳಗೆ ಒಂದು ಗಡಿಯಾರದ ಬಡಿತವಿರುತ್ತದೆ. ಸೆಕೆಂಡಿಗೆ 100 ಕೋಟಿ ಬಡಿತಗಳಾದರೆ ಅದು 1 ಗಿಗಾಹರ್ಟ್ಸ್. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಬಡಿತ. ಕೇಳಿದ ಕೂಡಲೇ, ಬಡಿತ ಹೆಚ್ಚಿದ್ದರೆ ಕೆಲಸವೂ ಹೆಚ್ಚು ಎಂದು ಅನ್ನಿಸುವುದು ಸಹಜ. ಆದರೆ ಅದು ಅರ್ಧ ಸತ್ಯ.

ಇಬ್ಬರು ಹುಡುಗರು ಸೈಕಲ್ ತುಳಿಯುತ್ತಿದ್ದಾರೆಂದು ಭಾವಿಸಿ. ಒಬ್ಬನು ನಿಮಿಷಕ್ಕೆ 90 ಸಲ ಪೆಡಲ್ ತಿರುಗಿಸುತ್ತಾನೆ, ಇನ್ನೊಬ್ಬನು 60 ಸಲ. ಯಾರು ಮೊದಲು ಶಾಲೆ ಮುಟ್ಟುತ್ತಾರೆ? ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎಷ್ಟು ದೂರ ಹೋಗುತ್ತದೆ ಎಂಬುದು ಗೊತ್ತಾಗದೆ ಉತ್ತರ ಹೇಳಲಾಗದು. ಮೊದಲನೆಯವನ ಸೈಕಲ್ ಸುತ್ತಿಗೆ 3 ಮೀಟರ್, ಎರಡನೆಯವನದು 6 ಮೀಟರ್ ಹೋಗುವುದಾದರೆ, ನಿಧಾನವಾಗಿ ತುಳಿದವನೇ ಮುಂದೆ. ಗಿಗಾಹರ್ಟ್ಸ್ ಎಂಬುದು ಪೆಡಲಿನ ಸುತ್ತುಗಳ ಲೆಕ್ಕ. ಒಂದೊಂದು ಬಡಿತದಲ್ಲಿ ಪ್ರೊಸೆಸರ್ ಎಷ್ಟು ಆದೇಶಗಳನ್ನು ಮುಗಿಸುತ್ತದೆ ಎಂಬುದು ಸುತ್ತಿಗೆ ಹೋಗುವ ದೂರ. ಇವೆರಡರ ಗುಣಲಬ್ಧವೇ ನಿಜವಾದ ವೇಗ. ಅಂಗಡಿಯ ಫಲಕದ ಮೇಲೆ ಮೊದಲನೆಯ ಸಂಖ್ಯೆ ಮಾತ್ರ ಇರುತ್ತದೆ.

ಇದನ್ನು ಗ್ರಾಹಕರಿಗೆ ಮನವರಿಕೆ ಮಾಡಲು ಎಎಂಡಿ ಕಂಪನಿ 2001ರ ಅಕ್ಟೋಬರ್‌ನಲ್ಲಿ ಒಂದು ಉಪಾಯ ಮಾಡಿತು. ತನ್ನ ಅಥ್ಲಾನ್ ಎಕ್ಸ್‌ಪಿ ಪ್ರೊಸೆಸರಿಗೆ 1800+ ಎಂದು ಹೆಸರಿಟ್ಟಿತು. ಅದರ ನಿಜವಾದ ಬಡಿತ 1.53 ಗಿಗಾಹರ್ಟ್ಸ್ ಮಾತ್ರ. ಬಡಿತ ಕಡಿಮೆಯಿದ್ದರೂ ಕೆಲಸದಲ್ಲಿ ಹಿಂದೆ ಬೀಳದು ಎಂಬುದು ಆ ಹೆಸರಿನ ಇಂಗಿತವಾಗಿತ್ತು.

ಪೆಂಟಿಯಂ 4 ಕಲಿಸಿದ ಪಾಠ

ಈ ವಿಷಯದಲ್ಲಿ ಇತಿಹಾಸವೇ ಒಂದು ಒಳ್ಳೆಯ ಪಾಠವನ್ನು ಬರೆದಿಟ್ಟಿದೆ. ಇಂಟೆಲ್ ಕಂಪನಿ 2000ದ ನವೆಂಬರ್‌ನಲ್ಲಿ ಪೆಂಟಿಯಂ 4 ಅನ್ನು ಬಿಡುಗಡೆ ಮಾಡಿತು. ಗಿಗಾಹರ್ಟ್ಸ್ ಏರಿಸುತ್ತಾ ಹೋಗಲು ಅನುಕೂಲವಾಗುವಂತೆಯೇ ಅದರ ರಚನೆಯನ್ನು ಮಾಡಲಾಗಿತ್ತು. ಒಂದು ಆದೇಶವನ್ನು ಅನೇಕ ಸಣ್ಣ ಹಂತಗಳಾಗಿ ಒಡೆದು, ಪ್ರತಿ ಬಡಿತಕ್ಕೆ ಒಂದು ಹಂತ ಮುಂದೆ ದಾಟಿಸುವುದು ಅದರ ಕ್ರಮ. ಇದಕ್ಕೆ ಪೈಪ್‌ಲೈನ್ ಎನ್ನುತ್ತಾರೆ. 2004ರ ಫೆಬ್ರವರಿಯಲ್ಲಿ ಬಂದ ಪ್ರೆಸ್ಕಾಟ್ ಎಂಬ ಪೆಂಟಿಯಂ 4ರಲ್ಲಿ ಈ ಹಂತಗಳು 20ರಿಂದ 31ಕ್ಕೆ ಏರಿದವು.

ಮದುವೆ ಊಟದಲ್ಲಿ ಅಡುಗೆಮನೆಯಿಂದ ಪಂಕ್ತಿಯವರೆಗೆ ಹುಡುಗರು ಸಾಲಾಗಿ ನಿಂತು ತಟ್ಟೆಗಳನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೀವು ನೋಡಿದ್ದೀರಿ. ಹೆಚ್ಚು ಹುಡುಗರು ನಿಂತರೆ ಪ್ರತಿಯೊಬ್ಬನ ಕೈಚಾಚು ಕಡಿಮೆ, ಆದ್ದರಿಂದ ಲಗುಬಗೆಯಿಂದ ದಾಟಿಸಬಹುದು. ಆದರೆ ಮುಂದಿನ ಪಂಕ್ತಿಗೆ ಬಿರಿಯಾನಿ ಬೇಕೆಂದು ಊಹಿಸಿ ಕಳಿಸಿದ ಮೇಲೆ, ಅಲ್ಲಿ ಕುಳಿತವರು ಸಸ್ಯಾಹಾರಿಗಳೆಂದು ಗೊತ್ತಾದರೆ? ಸಾಲಿನಲ್ಲಿರುವ ಎಲ್ಲ ತಟ್ಟೆಗಳೂ ಹಿಂದೆ ಹೋಗಬೇಕು. 31 ಜನರ ಸಾಲಿನಲ್ಲಿ ಹೀಗಾದರೆ ಆಗುವ ನಷ್ಟ 14 ಜನರ ಸಾಲಿನಲ್ಲಿ ಆಗುವುದಕ್ಕಿಂತ ಹೆಚ್ಚು. ಪ್ರೊಸೆಸರ್ ಕೂಡ ಮುಂದಿನ ಆದೇಶ ಯಾವುದಿರಬಹುದೆಂದು ಊಹಿಸಿಯೇ ಕೆಲಸ ಮಾಡುತ್ತದೆ. ಊಹೆ ತಪ್ಪಿದಾಗ ಪೈಪ್‌ಲೈನ್ ಖಾಲಿ ಮಾಡಿ ಮತ್ತೆ ತುಂಬಬೇಕು. ಅಷ್ಟರವರೆಗೆ ಖರ್ಚಾದ ವಿದ್ಯುತ್ ನೀರಿನಲ್ಲಿ ಹೋಮವಾದಂತೆ.

2004ರ ನವೆಂಬರ್‌ನಲ್ಲಿ ಬಂದ 3.8 ಗಿಗಾಹರ್ಟ್ಸ್‌ನ ಪೆಂಟಿಯಂ 4ಕ್ಕೆ ಕಂಪನಿಯೇ ನಮೂದಿಸಿದ ಶಾಖದ ಮಿತಿ 115 ವ್ಯಾಟ್. ಮುಂದೆ 4 ಗಿಗಾಹರ್ಟ್ಸ್ ತಲುಪುವ ಯೋಜನೆಯನ್ನು ಇಂಟೆಲ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೈಬಿಟ್ಟಿತ್ತು. ಅದರ ಅಂದಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಮ್ಮೇಳನದ ವೇದಿಕೆಯಲ್ಲಿ ಅರ್ಧ ತಮಾಷೆಯಾಗಿ ಮಂಡಿಯೂರಿ ಸಭಿಕರ ಕ್ಷಮೆ ಕೇಳಿದರು.

ಪರಿಹಾರ ಬಂದದ್ದು ಲ್ಯಾಪ್‌ಟಾಪ್ ಕಡೆಯಿಂದ. ಇಂಟೆಲ್‌ನ ಇಸ್ರೇಲ್ ತಂಡವು ಬ್ಯಾಟರಿ ಉಳಿಸುವ ಉದ್ದೇಶದಿಂದ ರೂಪಿಸಿದ ಪೆಂಟಿಯಂ ಎಂ 2003ರ ಮಾರ್ಚ್‌ನಲ್ಲಿ ಬಂದಿತ್ತು. ಅದು ಕಡಿಮೆ ಬಡಿತದಲ್ಲೇ ಹೆಚ್ಚು ಗಿಗಾಹರ್ಟ್ಸ್‌ನ ಪೆಂಟಿಯಂ 4ಕ್ಕೆ ಸರಿಸಾಟಿಯಾಗಿ ಕೆಲಸ ಮಾಡುತ್ತಿತ್ತು. ಆ ದಾರಿಯನ್ನೇ ಹಿಡಿದು 2006ರ ಜುಲೈನಲ್ಲಿ ಕೋರ್ 2 ಡ್ಯುಯೊ ಬಂತು. ಅದರ ಪೈಪ್‌ಲೈನ್ 14 ಹಂತಗಳದ್ದು. ಇಲ್ಲಿ ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿರಿ. ಪೆಂಟಿಯಂ ಎಕ್ಸ್‌ಟ್ರೀಮ್ ಎಡಿಷನ್ 965: ಎರಡು ಕೋರ್, 3.73 ಗಿಗಾಹರ್ಟ್ಸ್, 130 ವ್ಯಾಟ್, ಬೆಲೆ 999 ಡಾಲರ್. ಕೋರ್ 2 ಡ್ಯುಯೊ ಇ6600: ಎರಡು ಕೋರ್, 2.4 ಗಿಗಾಹರ್ಟ್ಸ್, 65 ವ್ಯಾಟ್, ಬೆಲೆ 316 ಡಾಲರ್. ಬಹುಪಾಲು ಪರೀಕ್ಷೆಗಳಲ್ಲಿ ಗೆದ್ದದ್ದು ಎರಡನೆಯದು. ಅರ್ಧ ವಿದ್ಯುತ್, ಮೂರನೆಯ ಒಂದು ಭಾಗದಷ್ಟು ಬೆಲೆ, ಆದರೂ ಹೆಚ್ಚು ಕೆಲಸ. ಗಿಗಾಹರ್ಟ್ಸ್ ನೋಡಿ ಕೊಂಡವರು ಅಂದು ಹೆಚ್ಚು ಹಣ ತೆತ್ತು ಕಡಿಮೆ ಪಡೆದರು.

ವೇಗ ಹೆಚ್ಚಿದಂತೆ ಬಿಸಿ ಏಕೆ ಹೆಚ್ಚುತ್ತದೆ?

ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಪ್ರೊಸೆಸರಿನೊಳಗೆ ಕೋಟ್ಯಂತರ ಟ್ರಾನ್ಸಿಸ್ಟರ್‌ಗಳಿವೆ. ಅವು ಸಣ್ಣ ಸ್ವಿಚ್‌ಗಳು. ಒಂದೊಂದು ಸಲ ಅವು ಬದಲಾಗುವಾಗಲೂ ಸ್ವಲ್ಪ ವಿದ್ಯುದಾವೇಶ ತುಂಬಿ ಖಾಲಿಯಾಗುತ್ತದೆ. ಇದಕ್ಕೆ ಬೇಕಾಗುವ ಶಕ್ತಿ ಮೂರು ಸಂಗತಿಗಳ ಗುಣಲಬ್ಧವನ್ನು ಅವಲಂಬಿಸಿದೆ: ಧಾರಕತೆ, ವೋಲ್ಟೇಜ್‌ನ ವರ್ಗ ಮತ್ತು ಬಡಿತದ ಆವರ್ತನ. ‘ವೋಲ್ಟೇಜ್‌ನ ವರ್ಗ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಬಡಿತವನ್ನು ಹೆಚ್ಚಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಆದ್ದರಿಂದ ವೇಗದ ಕೊನೆಯ ಮೆಟ್ಟಿಲುಗಳು ಬಹಳ ದುಬಾರಿ.

ಒಂದು ಲೆಕ್ಕ ಮಾಡೋಣ. ಬಡಿತವನ್ನೂ ವೋಲ್ಟೇಜನ್ನೂ ಶೇ. 10ರಷ್ಟು ಇಳಿಸಿದೆವು ಎನ್ನಿ. 0.9 ಗುಣಿಸು 0.9 ಗುಣಿಸು 0.9 ಎಂದರೆ 0.729. ಅಂದರೆ ಈ ಬಾಬ್ತಿನ ವಿದ್ಯುತ್ ಶೇ. 27ರಷ್ಟು ಉಳಿಯಿತು. ಕಳೆದುಕೊಂಡ ವೇಗವೋ ಹೆಚ್ಚೆಂದರೆ ಶೇ. 10. ಇದನ್ನೇ ತಿರುಗಿಸಿ ಓದಿದರೆ, ಸ್ವಲ್ಪ ವೇಗದ ಆಸೆಗೆ ಎಷ್ಟೊಂದು ವಿದ್ಯುತ್ ಸುರಿಯಬೇಕೆಂಬುದು ಅರ್ಥವಾಗುತ್ತದೆ.

ಇದಲ್ಲದೆ ಇನ್ನೊಂದು ಖರ್ಚಿದೆ. ತಿರುಗಿಸಿ ನಿಲ್ಲಿಸಿದ ಮೇಲೂ ನಲ್ಲಿ ತೊಟ್ಟಿಕ್ಕುವಂತೆ, ಸ್ವಿಚ್ ಆಫ್ ಆದ ಟ್ರಾನ್ಸಿಸ್ಟರಿನಿಂದಲೂ ಸ್ವಲ್ಪ ವಿದ್ಯುತ್ ಸೋರುತ್ತದೆ. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ವೋಲ್ಟೇಜ್ ಕೂಡ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಹೀಗಾಗಿ ಬಿಸಿ ಹೆಚ್ಚುವುದಿಲ್ಲ ಎಂದು ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಸುಮಾರು ಮೂರು ದಶಕ ಆ ನಿಯಮ ನಮ್ಮನ್ನು ಕಾಪಾಡಿತು. 2005ರ ಆಸುಪಾಸಿನಲ್ಲಿ ಈ ಸೋರಿಕೆಯ ಕಾರಣ ಅದು ಮುರಿದುಬಿತ್ತು. ಅಂದಿನಿಂದ ಗಿಗಾಹರ್ಟ್ಸ್ ಮೊದಲಿನಂತೆ ಜಿಗಿಯುತ್ತಿಲ್ಲ. ಕೋರ್‌ಗಳ ಸಂಖ್ಯೆ ಹೆಚ್ಚುತ್ತಿದೆ. ಒಬ್ಬ ಹಮಾಲಿಯನ್ನು ಓಡಿಸುವ ಬದಲು ನಾಲ್ವರನ್ನು ನಡೆಸುವುದೇ ಲೇಸು ಎಂಬ ವಿವೇಕ ಇದು.

ಪೆಟ್ಟಿಗೆಯ ಮೇಲಿನ ವ್ಯಾಟ್ ನಂಬಬಹುದೇ?

ಪ್ರೊಸೆಸರ್ ವಿವರದಲ್ಲಿ ಟಿಡಿಪಿ ಎಂದು ಒಂದು ಸಂಖ್ಯೆ ಇರುತ್ತದೆ. ತಂಪುಗೊಳಿಸುವ ಫ್ಯಾನು ಎಷ್ಟು ಶಾಖವನ್ನು ಹೊರಹಾಕಲು ಶಕ್ತವಾಗಿರಬೇಕು ಎಂಬ ಸೂಚನೆ ಅದು. ಯಂತ್ರ ಬಳಸುವ ಗರಿಷ್ಠ ವಿದ್ಯುತ್ ಎಂದು ಅದನ್ನು ಓದಬಾರದು. 2022ರ ಅಕ್ಟೋಬರ್‌ನಲ್ಲಿ ಬಂದ ಇಂಟೆಲ್‌ನ ಕೋರ್ ಐ9-13900ಕೆ ನೋಡಿ. ಅದರ ಮೂಲ ಸಂಖ್ಯೆ 125 ವ್ಯಾಟ್. ಆದರೆ ಪೂರ್ಣ ವೇಗದಲ್ಲಿ 253 ವ್ಯಾಟ್ ಎಂದು ಕಂಪನಿಯೇ ನಮೂದಿಸಿದೆ. ಅದಕ್ಕಿಂತ ಒಂದು ತಿಂಗಳು ಮೊದಲು ಬಂದ ಎಎಂಡಿಯ ರೈಜನ್ 9 7950ಎಕ್ಸ್‌ನ ಟಿಡಿಪಿ 170 ವ್ಯಾಟ್, ಆದರೆ ಸಾಕೆಟ್ ಮೂಲಕ 230 ವ್ಯಾಟ್‌ವರೆಗೆ ಬಳಸಲು ಅನುಮತಿ ಇದೆ. ಪೆಂಟಿಯಂ 4ರ 115 ವ್ಯಾಟ್ ನೋಡಿ ಬೆರಗಾದ ನಾವು ಈಗ ಅದರ ಎರಡರಷ್ಟನ್ನು ನೋಡುತ್ತಿದ್ದೇವೆ. ನ್ಯಾಯವಾಗಿ ಹೇಳಬೇಕೆಂದರೆ, ಇವು ಮಾಡುವ ಕೆಲಸ ಅಂದಿನ ಯಂತ್ರದ ಹತ್ತಾರು ಪಟ್ಟು. ಆದರೂ ಕೊನೆಯ ಹನಿ ವೇಗಕ್ಕಾಗಿ ಇವೂ ವಿದ್ಯುತ್ ಸುರಿಯುತ್ತವೆ ಎಂಬುದಕ್ಕೆ ಸಾಕ್ಷಿ ಇದೆ. ಅದೇ ರೈಜನ್‌ನಲ್ಲಿ ‘ಇಕೋ ಮೋಡ್’ ಎಂಬ ಆಯ್ಕೆಯಿಂದ ಟಿಡಿಪಿಯನ್ನು 105 ಅಥವಾ 65 ವ್ಯಾಟ್‌ಗೆ ಇಳಿಸಬಹುದು. ಹಾಗೆ ಇಳಿಸಿದ ಮೇಲೂ ಅದರ ಸಾಮರ್ಥ್ಯದ ಬಹುಪಾಲು ಉಳಿಯುತ್ತದೆ.

ಹೆಚ್ಚು ವೋಲ್ಟೇಜ್ ಬಿಲ್ಲನ್ನಷ್ಟೇ ಅಲ್ಲ, ಆಯುಷ್ಯವನ್ನೂ ಮುಟ್ಟಬಹುದು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರವಾಗುತ್ತಿದ್ದುದಕ್ಕೆ ಮಿತಿ ಮೀರಿದ ವೋಲ್ಟೇಜ್ ಒಂದು ಮುಖ್ಯ ಕಾರಣವೆಂದು 2024ರಲ್ಲಿ ಆ ಕಂಪನಿಯೇ ತಿಳಿಸಿತು. ತಿದ್ದುಪಡಿ ನೀಡಿ, ವಾರಂಟಿಯನ್ನು 2 ವರ್ಷ ವಿಸ್ತರಿಸಿತು.

ಇನ್ನೊಂದು ತುದಿಗೆ ಆಪಲ್‌ನ ಎಂ1 ಇದೆ. 2020ರ ನವೆಂಬರ್‌ನಲ್ಲಿ ಬಂದ ಎಂ1 ಮ್ಯಾಕ್ ಮಿನಿ ಎಂಬ ಮೇಜಿನ ಕಂಪ್ಯೂಟರ್, ಮಾನಿಟರ್ ಬಿಟ್ಟು, ಸುಮ್ಮನಿದ್ದಾಗ ಸುಮಾರು 7 ವ್ಯಾಟ್, ಗರಿಷ್ಠ 39 ವ್ಯಾಟ್ ಬಳಸುತ್ತದೆಂದು ಕಂಪನಿಯ ಅಂಕಿಗಳು ಹೇಳುತ್ತವೆ. ಹಾಗಾದರೆ ಅದನ್ನೇ ತರೋಣವೇ? ನಮ್ಮ ಇನ್‌ಪೇಜ್, ನುಡಿ ಎರಡೂ ವಿಂಡೋಸ್‌ಗಾಗಿ ಬಂದ ತಂತ್ರಾಂಶಗಳು. ಅವು ನೇರವಾಗಿ ನಡೆಯದ ಯಂತ್ರ ಎಷ್ಟೇ ಮಿತವ್ಯಯಿಯಾದರೂ ನಮಗೆ ಉಪಯೋಗ ಕಡಿಮೆ. ಹೋಲಿಕೆ ಮಾಡುವಾಗ ನಮ್ಮ ಕೆಲಸವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು ಎಂಬುದಕ್ಕೆ ಇದು ಉದಾಹರಣೆ.

ಹೋಲಿಸುವ ಸರಿಯಾದ ಕ್ರಮ

ವ್ಯಾಟ್ ಎಂಬುದು ವಿದ್ಯುತ್ ಬಳಸುವ ದರ. ನಾವು ಹಣ ಕೊಡುವುದು ಯೂನಿಟ್‌ಗೆ, ಅಂದರೆ ವ್ಯಾಟ್ ಮತ್ತು ಸಮಯದ ಗುಣಲಬ್ಧಕ್ಕೆ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಒಂದು ಕೆಲಸ ಮುಗಿಸಲು ಎಷ್ಟು ವ್ಯಾಟ್-ಗಂಟೆ?

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. ಹೊಸ ಯಂತ್ರವೊಂದು 200 ವ್ಯಾಟ್ ಬಳಸಿ ಒಂದು ವಿಡಿಯೋವನ್ನು 6 ನಿಮಿಷದಲ್ಲಿ ಸಿದ್ಧಪಡಿಸುತ್ತದೆ: 20 ವ್ಯಾಟ್-ಗಂಟೆ. ಇನ್ನೊಂದು 80 ವ್ಯಾಟ್ ಬಳಸಿ 10 ನಿಮಿಷ ತೆಗೆದುಕೊಳ್ಳುತ್ತದೆ: ಸುಮಾರು 13 ವ್ಯಾಟ್-ಗಂಟೆ. ಎರಡನೆಯದು ನಿಧಾನ, ಆದರೆ ಮಿತವ್ಯಯಿ. ಈಗ ಮೂರನೆಯದು, ಹಳೆಯ ಯಂತ್ರ. 150 ವ್ಯಾಟ್ ಬಳಸಿ 40 ನಿಮಿಷ ತೆಗೆದುಕೊಳ್ಳುತ್ತದೆ: 100 ವ್ಯಾಟ್-ಗಂಟೆ! ಮೊದಲನೆಯದಕ್ಕಿಂತ ಅದರ ವ್ಯಾಟ್ ಕಡಿಮೆಯಿದ್ದರೂ ಖರ್ಚು ಐದು ಪಟ್ಟು. ಹಾಗಾಗಿ ವ್ಯಾಟ್ ಒಂದನ್ನೇ ನೋಡುವವರೂ ಗಿಗಾಹರ್ಟ್ಸ್ ಒಂದನ್ನೇ ನೋಡುವವರಂತೆ ಮೋಸ ಹೋಗುತ್ತಾರೆ.

ಆದರೆ ಶಾಲೆಯ ಕಂಪ್ಯೂಟರ್ ದಿನದ ಬಹುಪಾಲು ಏನು ಮಾಡುತ್ತದೆ? ವಿದ್ಯಾರ್ಥಿ ಒಂದು ಅಕ್ಷರ ಹುಡುಕಿ ಒತ್ತುವವರೆಗೆ ಕಾಯುತ್ತದೆ. ಆ ಹೊತ್ತಿನಲ್ಲಿ 253 ವ್ಯಾಟ್‌ನ ಪ್ರೊಸೆಸರ್ ಕೂಡ ಅಷ್ಟನ್ನು ಬಳಸುವುದಿಲ್ಲ. ತಾನಾಗಿಯೇ ಬಡಿತ ಇಳಿಸಿಕೊಂಡು ನಿದ್ರಿಸುತ್ತದೆ. ಆದ್ದರಿಂದ ಪ್ರಯೋಗಾಲಯಕ್ಕೆ ಮುಖ್ಯವಾಗುವುದು ಇಡೀ ಯಂತ್ರ ಸುಮ್ಮನಿದ್ದಾಗ ಬಳಸುವ ವ್ಯಾಟ್. ಇದರಲ್ಲಿ ಮಾನಿಟರ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಎಲ್ಲ ಸೇರುತ್ತವೆ. ಒಳಗೆ 60 ವ್ಯಾಟ್ ಬೇಕಾದಾಗ, ಶೇ. 60 ದಕ್ಷತೆಯ ಕಳಪೆ ಎಸ್‌ಎಂಪಿಎಸ್ ಗೋಡೆಯಿಂದ 100 ವ್ಯಾಟ್ ಎಳೆಯುತ್ತದೆ, ಶೇ. 85 ದಕ್ಷತೆಯದು ಸುಮಾರು 71 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್ ಉಳಿಸಿದ್ದನ್ನು ಎಸ್‌ಎಂಪಿಎಸ್ ನುಂಗಬಾರದು.

ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಮನೆಯ ಎಲೆಕ್ಟ್ರಾನಿಕ್ ಮೀಟರ್ ಮೇಲೆ ಒಂದು ಯೂನಿಟ್‌ಗೆ ಇಷ್ಟು ಸಲ ದೀಪ ಮಿನುಗುತ್ತದೆ ಎಂದು ಮುದ್ರಿಸಿರುತ್ತಾರೆ. ನಮ್ಮ ಮನೆಯದರಲ್ಲಿ ಅದು 3200. ಫ್ರಿಜ್ ಸಹಿತ ಎಲ್ಲವನ್ನೂ ಆರಿಸಿ, ಮೂರನೆಯ ಕೊಟೇಶನ್ ಜೊತೆ ಮಾದರಿಯಾಗಿ ಬಂದಿದ್ದ ಹಳೆಯ ಟವರನ್ನು ಅದರ ಹಳೆಯ ಮಾನಿಟರ್ ಸಮೇತ ಚಾಲೂ ಮಾಡಿ ನಾನು ಎಣಿಸಿದೆ. ನಿಮಿಷಕ್ಕೆ 8 ಸಲ ಮಿನುಗಿತು. ಗಂಟೆಗೆ 480. ಅದನ್ನು 3200ರಿಂದ ಭಾಗಿಸಿದರೆ 0.15 ಯೂನಿಟ್, ಅಂದರೆ 150 ವ್ಯಾಟ್. ನಂತರ ಒಂದು ಸಣ್ಣ ಹೊಸ ಕಂಪ್ಯೂಟರ್ ಮತ್ತು ಎಲ್‌ಇಡಿ ಮಾನಿಟರ್ ಇಟ್ಟು ಎಣಿಸಿದಾಗ, ಅದೇ 8 ಮಿನುಗಿಗೆ 3 ನಿಮಿಷ ಹಿಡಿಯಿತು. ಅಂದರೆ 50 ವ್ಯಾಟ್. ವಿದ್ಯಾರ್ಥಿಗಳೇ, ಇದನ್ನು ನಿಮ್ಮ ಮನೆಯಲ್ಲಿ ದೊಡ್ಡವರ ಅನುಮತಿ ಪಡೆದು ಮಾಡಿ ನೋಡಿ. ಮೀಟರನ್ನು ಮುಟ್ಟಬೇಕಿಲ್ಲ, ನೋಡಿದರೆ ಸಾಕು.

ನಮ್ಮ 20 ಕಂಪ್ಯೂಟರ್‌ಗಳ ಲೆಕ್ಕ

ಈಗ ಸದಸ್ಯರ ಗಮನಕ್ಕೆ. ಒಂದು ಯಂತ್ರಕ್ಕೆ 100 ವ್ಯಾಟ್ ವ್ಯತ್ಯಾಸ. 20 ಯಂತ್ರಗಳಿಗೆ 2000 ವ್ಯಾಟ್. ದಿನಕ್ಕೆ 6 ಗಂಟೆ ಎಂದರೆ 12 ಯೂನಿಟ್. ವರ್ಷಕ್ಕೆ 220 ದಿನ ಎಂದರೆ 2640 ಯೂನಿಟ್. ಲೆಕ್ಕಕ್ಕಾಗಿ ಯೂನಿಟ್‌ಗೆ 8 ರೂಪಾಯಿ ಹಿಡಿದರೆ 21,120 ರೂಪಾಯಿ. ನಿಮ್ಮ ಬಿಲ್ಲಿನಲ್ಲಿರುವ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ.

ಹಳೆಯ ಯಂತ್ರ ಒಂದಕ್ಕೆ 5,000 ರೂಪಾಯಿ ಕಡಿಮೆ ಎಂದಾದರೆ 20ಕ್ಕೆ ಒಂದು ಲಕ್ಷ ಉಳಿಯುತ್ತದೆ. ವರ್ಷಕ್ಕೆ 21 ಸಾವಿರದಂತೆ ಆ ಉಳಿತಾಯ ಕರಗಲು ಐದು ವರ್ಷದ ಹತ್ತಿರ ಬೇಕು. ಹಾಗಾದರೆ ಹಳೆಯದೇ ಲಾಭ ಎಂದು ಖಜಾಂಚಿಯವರು ಕೇಳಬಹುದು. ಬಿಲ್ಲನ್ನು ಮಾತ್ರ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ. ಆದರೆ ಬ್ಯಾಟರಿಯನ್ನೂ ನೋಡಬೇಕು.

12 ವೋಲ್ಟ್, 150 ಆಂಪಿಯರ್-ಗಂಟೆಯ ನಾಲ್ಕು ಬ್ಯಾಟರಿಗಳಲ್ಲಿ ಕಾಗದದ ಲೆಕ್ಕದಂತೆ 7200 ವ್ಯಾಟ್-ಗಂಟೆ ಇರುತ್ತದೆ. ನಷ್ಟಗಳನ್ನು ಕಳೆದು 4800 ಸಿಗುತ್ತದೆ ಎಂದುಕೊಳ್ಳೋಣ. ಹಳೆಯ 20 ಯಂತ್ರಗಳಿಗೆ 3000 ವ್ಯಾಟ್ ಬೇಕು. 96 ನಿಮಿಷ ನಡೆಯುತ್ತವೆ. ಲೆಡ್ ಆಸಿಡ್ ಬ್ಯಾಟರಿಯಿಂದ ವೇಗವಾಗಿ ಎಳೆದಷ್ಟೂ ಅದು ಕೊಡುವ ಒಟ್ಟು ಶಕ್ತಿ ಕಡಿಮೆಯಾಗುವುದರಿಂದ ಅಷ್ಟೂ ಸಿಗುವುದು ಅನುಮಾನ. ಮಿತವ್ಯಯದ 20 ಯಂತ್ರಗಳಿಗೆ 1000 ವ್ಯಾಟ್ ಸಾಕು. 288 ನಿಮಿಷ ನಡೆಯುತ್ತವೆ. 40 ನಿಮಿಷದ ಪೀರಿಯಡ್ ಲೆಕ್ಕದಲ್ಲಿ ಮೊದಲನೆಯದು ಎರಡು ಪೀರಿಯಡ್, ಎರಡನೆಯದು ಏಳು ಪೀರಿಯಡ್. ಮಧ್ಯಾಹ್ನ ಕರೆಂಟು ಹೋಗುವ ದಿನ ಹತ್ತನೇ ತರಗತಿಯ ಹೆಣ್ಣುಮಕ್ಕಳ ಸರದಿ ಬರುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ಆ ಐದು ಪೀರಿಯಡ್‌ಗಳನ್ನು ಬೇರೆಲ್ಲಿಂದಲೂ ತಂದುಕೊಡಲು ನಮಗೆ ಸಾಧ್ಯವಿಲ್ಲ. ಇದು ಕೊಟೇಶನ್‌ನಲ್ಲಿ ಕಾಣದ, ಆದರೆ ನಮ್ಮ ತೀರ್ಮಾನದಲ್ಲಿ ಕಾಣಬೇಕಾದ ಲೆಕ್ಕ.

ಹಾಗಾದರೆ ಯಾವುದನ್ನು ಕೊಳ್ಳೋಣ?

ಟೈಪಿಂಗ್, ಲೆಕ್ಕಪತ್ರದ ತಂತ್ರಾಂಶ, ಇಂಟರ್ನೆಟ್, ಪಾಠದ ವಿಡಿಯೋ – ಇಷ್ಟೇ ಕೆಲಸವಾದರೆ ಇಂಟೆಲ್ ಎನ್100ನಂತಹ ಸಣ್ಣ ಪ್ರೊಸೆಸರ್ ಸಾಕು. 2023ರಲ್ಲಿ ಬಂದ ಇದರಲ್ಲಿ ನಾಲ್ಕು ಕೋರ್‌ಗಳಿದ್ದು, ಟಿಡಿಪಿ 6 ವ್ಯಾಟ್ ಮಾತ್ರ. ಸ್ವಲ್ಪ ಹೆಚ್ಚಿನ ಸಾಮರ್ಥ್ಯ ಬೇಕಿದ್ದರೆ ಕೋರ್ ಐ3, ಐ5 ಅಥವಾ ರೈಜನ್ ಸರಣಿಯಲ್ಲಿ 35 ವ್ಯಾಟ್‌ನವು ಇವೆ. ಇಂಟೆಲ್‌ನವುಗಳ ಹೆಸರಿನ ಕೊನೆಗೆ ‘ಟಿ’, ಎಎಂಡಿಯ ಕೆಲವದರ ಕೊನೆಗೆ ‘ಜಿಇ’ ಎಂದಿರುತ್ತದೆ. ಬಳಸಿದ ಯಂತ್ರವನ್ನೇ ಕೊಳ್ಳುವುದಾದರೆ ಕಚೇರಿಗಳಿಂದ ಹೊರಬರುವ ಸಣ್ಣ ಪೆಟ್ಟಿಗೆಯ ಡೆಸ್ಕ್‌ಟಾಪ್ ನೋಡಿ. ಇಂಟೆಲ್ ಆದರೆ 8ನೇ ಪೀಳಿಗೆಗಿಂತ ಹಳೆಯದು ಬೇಡ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅದಕ್ಕಿಂತ ಹಳೆಯ ಪ್ರೊಸೆಸರ್‌ಗಳನ್ನು, ಬೆರಳೆಣಿಕೆಯವನ್ನು ಬಿಟ್ಟು, ಒಪ್ಪುವುದಿಲ್ಲ. ಈಗಾಗಲೇ ನಮ್ಮಲ್ಲಿರುವ ಹಳೆಯ ಯಂತ್ರಗಳನ್ನು ಎಸೆಯಬೇಕಿಲ್ಲ; ಹಗುರವಾದ ಲಿನಕ್ಸ್ ಹಾಕಿ ಕೀಬೋರ್ಡ್ ಅಭ್ಯಾಸಕ್ಕೆ ಬಳಸಬಹುದು. ಎಸ್‌ಎಸ್‌ಡಿ ಮತ್ತು ಸಾಕಷ್ಟು ರ್‍ಯಾಮ್ ಇಲ್ಲದಿದ್ದರೆ ಎಂಥ ಪ್ರೊಸೆಸರೂ ಕಾಯುತ್ತಲೇ ಕೂರಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ಮಗಳು ಇಂಜಿನಿಯರಿಂಗ್ ಸೇರಿದಳು, ಮಗ ಡಿಪ್ಲೊಮಾ ಸೇರಿದ ಎಂದು ಸಾಲ ಮಾಡಿ ದೊಡ್ಡ ಐ9 ಕೊಡಿಸುವ ತಂದೆತಾಯಿಗಳಿಗೂ ಒಂದು ಮಾತು. ಮಕ್ಕಳು ವಿಡಿಯೋ ಸಂಕಲನ, ಮೂರು ಆಯಾಮದ ಚಿತ್ರರಚನೆ ಮಾಡುವುದಾದರೆ ಹೆಚ್ಚು ಕೋರ್‌ಗಳು ಬೇಕಾಗುತ್ತವೆ, ಆ ಖರ್ಚು ಸಾರ್ಥಕ. ಪ್ರೋಗ್ರಾಮಿಂಗ್ ಕಲಿಕೆಗೆ ಮಧ್ಯಮ ದರ್ಜೆಯದು ಸಾಕು. ಆಟ ಆಡುವ ಹುಡುಗರು ಕೂಡ ಕೇಳಿರಿ: 2023ರ ಏಪ್ರಿಲ್‌ನಲ್ಲಿ ಬಂದ ಎಂಟು ಕೋರ್‌ನ ರೈಜನ್ 7 7800ಎಕ್ಸ್‌3ಡಿ, ಆಟಗಳಲ್ಲಿ ಅಂದಿನ 24 ಕೋರ್‌ನ ಐ9ಗೆ ಸಮನಾಗಿ, ಹಲವು ಕಡೆ ಮುಂದಾಗಿ ನಿಂತಿತು, ಅದೂ ಬಹಳ ಕಡಿಮೆ ವಿದ್ಯುತ್ತಿನಲ್ಲಿ. ಕಾರಣ, ಅದರ ಒಳಗೇ ಇರುವ 96 ಎಂಬಿ ಕ್ಯಾಶ್ ನೆನಪು. ಬೇಕಾದ ಪುಸ್ತಕ ಮೇಜಿನ ಮೇಲೇ ಇದ್ದರೆ ಪದೇ ಪದೇ ಗ್ರಂಥಾಲಯಕ್ಕೆ ಓಡುವ ಶ್ರಮ ತಪ್ಪುತ್ತದೆ.

ವಿದ್ಯಾರ್ಥಿಗಳಿಗೆ

ಇವೆಲ್ಲ ಎಲ್ಲೋ ದೂರದೇಶದಲ್ಲಿ ನಡೆಯುವ ಸಂಗತಿ ಎಂದು ಭಾವಿಸಬೇಡಿ. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರ್‌ಗಳ ಜಿಯಾನ್ 7400 ಪ್ರೊಸೆಸರಿನ ವಿನ್ಯಾಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಅದರಲ್ಲಿ 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು. ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ತೆರೆಯಿತು. ಅಲ್ಲಿ ಕೂತು ಒಂದೊಂದು ವ್ಯಾಟ್ ಉಳಿಸುವ ದಾರಿ ಹುಡುಕುವವರು ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಓದಿದವರು. ಅವರಲ್ಲಿ ಕನ್ನಡ ಮಾಧ್ಯಮದ, ಉರ್ದು ಮಾಧ್ಯಮದ ಶಾಲೆಯಿಂದ ಹೋದವರೂ ಇರಬೇಕೆಂಬುದು ನನ್ನ ಆಸೆ. ಹಂತಗಳು, ಬಡಿತ, ಸೋರಿಕೆ, ವರ್ಗ – ಇಂದು ನಾನು ಬಳಸಿದ ಮಾತುಗಳೆಲ್ಲ ನಿಮ್ಮ ಮನೆಮಾತಿನಲ್ಲೇ ಇದ್ದವು. ವಿಷಯ ಕಠಿಣವೆಂದು ಹೆದರಿ ಹಿಂದೆ ಸರಿಯಬೇಡಿ.

ಸದಸ್ಯ ಬಾಂಧವರೇ, ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಖರೀದಿ ಸಮಿತಿಯವರು ಮೂವರು ವ್ಯಾಪಾರಿಗಳಿಗೂ ಪತ್ರ ಬರೆದು ಮೂರು ಅಂಕಿಗಳನ್ನು ಕೇಳಲಿ: ಮಾನಿಟರ್ ಸಹಿತ ಯಂತ್ರ ಸುಮ್ಮನಿದ್ದಾಗ ಎಷ್ಟು ವ್ಯಾಟ್, ಪೂರ್ಣ ಕೆಲಸದಲ್ಲಿ ಎಷ್ಟು ವ್ಯಾಟ್, ಮತ್ತು ನಾವು ಕೊಡುವ ಒಂದು ಇನ್‌ಪೇಜ್ ಕಡತ ಹಾಗೂ ಒಂದು ನುಡಿ ಕಡತವನ್ನು ತೆರೆದು ಪಿಡಿಎಫ್ ಮಾಡಲು ಎಷ್ಟು ಸೆಕೆಂಡ್. ಮಾದರಿ ಯಂತ್ರಗಳನ್ನು ತರಿಸಿದರೆ ಒಂಬತ್ತನೇ ತರಗತಿಯ ವಿದ್ಯಾರ್ಥಿಗಳೇ ಮೀಟರ್ ಎಣಿಸಿ, ಗಡಿಯಾರ ನೋಡಿ ವರದಿ ಕೊಡುತ್ತಾರೆ. ಅವರ ಪ್ರಯೋಗಾಲಯಕ್ಕೆ ಅದೇ ಮೊದಲ ಪಾಠವಾಗಲಿ. ಆ ವರದಿಯನ್ನು ಮುಂದಿಟ್ಟುಕೊಂಡು ತಾವು ತೀರ್ಮಾನ ಕೈಗೊಂಡರೆ ಕೊಟ್ಟವರ ಹಣಕ್ಕೂ ಕಲಿಯುವವರ ಸಮಯಕ್ಕೂ ನ್ಯಾಯ ಸಲ್ಲುತ್ತದೆ.